ಕೈಗೆ ಸಿಕ್ಕುವ ಚಕ್ರ

ಭರತ-ಬಾಹುಬಲಿಯರ ಕಥೆಯನ್ನು ಕೇಳಿದವರ ಮನಸ್ಸಿನಲ್ಲಿ ಉಳಿಯುವುದು, ಗೆದ್ದ ಬಾಹುಬಲಿಯು ರಾಜ್ಯವನ್ನು ತೊರೆದು ತಪಸ್ಸಿಗೆ ನಿಂತ ದೃಶ್ಯ. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಆ ತ್ಯಾಗವೇ ಶಿಲೆಯಾಗಿ ನಿಂತಿದೆ. ಆದರೆ ಅದಕ್ಕೆ ತುಸು ಮುಂಚೆ ನಡೆದ ಎರಡು ಸಂಗತಿಗಳತ್ತ ಗಮನ ಅಷ್ಟಾಗಿ ಹರಿಯುವುದಿಲ್ಲ. ಮೊದಲನೆಯದು, ಎರಡೂ ಪಕ್ಷಗಳ ಮಂತ್ರಿಗಳು ಕೂಡಿ ಕೈಗೊಂಡ ನಿರ್ಧಾರ. ಅಣ್ಣತಮ್ಮಂದಿರ ಜಗಳಕ್ಕೆ ಸೇನೆಗಳೇಕೆ ಸಾಯಬೇಕೆಂದು ಯೋಚಿಸಿದ ಅವರು ಆಯುಧಗಳನ್ನು ಬದಿಗಿರಿಸಿ, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ಸ್ಪರ್ಧೆಗಳಿಗೆ ಸಹೋದರರನ್ನು ಒಪ್ಪಿಸಿದರು. ಜಗಳ ನಿಲ್ಲಲಿಲ್ಲ, ಆದರೆ ಜೀವಹಾನಿ ತಪ್ಪಿತು. ಎರಡನೆಯದು, ಮೂರರಲ್ಲೂ ಸೋತ ಭರತನು ಮಾಡಿದ ಕೆಲಸ. ಎಲ್ಲರೆದುರು ಆದ ಅವಮಾನವನ್ನು ತಾಳಲಾರದೆ ಅವನು ಚಕ್ರರತ್ನವನ್ನು ನೆನೆದು, ಒಡಹುಟ್ಟಿದ ತಮ್ಮನ ಮೇಲೆಯೇ ಪ್ರಯೋಗಿಸಿದನು. ಚಕ್ರವು ಬಾಹುಬಲಿಯನ್ನು ಕೊಲ್ಲಲಿಲ್ಲ; ಅವನಿಗೆ ಪ್ರದಕ್ಷಿಣೆ ಹಾಕಿ ತೇಜಸ್ಸು ಕುಂದಿ ನಿಂತಿತು. ಸ್ವಕುಲದವರನ್ನು ಆ ದಿವ್ಯಾಯುಧ ಹಿಂಸಿಸದು ಎಂಬುದು ಪುರಾಣದ ವಿವರಣೆ.

ಭರತನು ದುಷ್ಟನಲ್ಲ. ಆದಿನಾಥರ ಜ್ಯೇಷ್ಠ ಪುತ್ರ, ಧರ್ಮವನ್ನು ಬಲ್ಲವನು, ಕಡೆಗೆ ಮೋಕ್ಷಕ್ಕೆ ಸಂದವನು. ಅಂಥವನ ಕೈಯೂ ಸೋಲಿನ ಸಂಕಟದ ಒಂದು ಗಳಿಗೆಯಲ್ಲಿ ಆಯುಧವನ್ನು ಹುಡುಕಿತು. ಆಯುಧವು ನೆನೆದ ಮಾತ್ರಕ್ಕೆ ಬಂದು ಸೇರುವಷ್ಟು ಹತ್ತಿರವಿತ್ತು. ಚಕ್ರವರ್ತಿಗೇ ಒದಗದ ಸಂಯಮವನ್ನು ಹದಿಮೂರು ವರ್ಷದ ಬಾಲಕನಿಂದ ನಿರೀಕ್ಷಿಸಿ, ಆಯುಧವನ್ನು ಅವನ ಕೈಗೆಟುಕುವಲ್ಲಿ ಇಟ್ಟಿರುವುದು ವಿವೇಕವೇ ಎಂಬುದು ಇಂದಿನ ತಂದೆತಾಯಿಗಳು ಕೇಳಿಕೊಳ್ಳಬೇಕಾದ ಪ್ರಶ್ನೆ.

ಈ ಕಥೆಯನ್ನು ಸಂಸ್ಕೃತದಲ್ಲಿ ವಿಸ್ತಾರವಾಗಿ ಹೇಳಿದ ಜಿನಸೇನಾಚಾರ್ಯರನ್ನು ಗುರುವೆಂದು ಗೌರವಿಸಿದವನು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗ. ಅವನ ರಾಜಧಾನಿ ಮಾನ್ಯಖೇಟವೇ ಕಾಗಿಣಾ ನದಿಯ ದಡದಲ್ಲಿರುವ ಇಂದಿನ ಮಳಖೇಡ. ಸೇಡಂ, ಚಿತ್ತಾಪುರ, ಶಹಾಬಾದ್ ಸೀಮೆಯ ಅನೇಕ ಊರುಗಳಂತೆ ಭಂಕೂರವೂ ಪ್ರಾಚೀನ ಜೈನ ನೆಲೆಗಳ ಸಾಲಿಗೆ ಸೇರಿದ್ದು. ಒಂದು ಕಾಲಕ್ಕೆ ಅಹಿಂಸೆಯ ಅಧ್ಯಯನ ನಡೆದ ಈ ನೆಲದಲ್ಲಿ ಈಗ ಮಕ್ಕಳು ಬೆನ್ನಿಗೆ ಚೀಲ ಹಾಕಿಕೊಂಡು ಶಾಲೆಗೆ ಹೋಗುತ್ತಾರೆ. ಬೆಳಿಗ್ಗೆ ಹೋದ ಮಗು ಸಂಜೆ ಕ್ಷೇಮವಾಗಿ ಮರಳಿ ಬರಬೇಕೆಂಬುದೇ ಪ್ರತಿ ಮನೆಯ ಮೊದಲ ಪ್ರಾರ್ಥನೆ. ಆ ಪ್ರಾರ್ಥನೆಗೆ ಪೂರಕವಾಗಿ ಗೃಹಸ್ಥನು ಮಾಡಬೇಕಾದುದೇನು ಎಂಬುದಕ್ಕೆ ಶ್ರಾವಕಾಚಾರದಲ್ಲಿ ಬಹಳ ಸ್ಪಷ್ಟವಾದ ಉತ್ತರವಿದೆ.

ಶಾಲೆಯೊಳಗೆ ಗುಂಡಿನ ದಾಳಿ ಎಂದೊಡನೆ ಅಮೆರಿಕದ ಹೆಸರು ನೆನಪಾಗುತ್ತದೆ. ಅಲ್ಲಿ 2012ರ ಡಿಸೆಂಬರ್ 14ರಂದು ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳೂ 6 ಮಂದಿ ಸಿಬ್ಬಂದಿಯೂ ಹತರಾದರು. 2022ರ ಮೇ 24ರಂದು ಯುವಾಲ್ಡಿ ಊರಿನ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಬಲಿಯಾದರು. ಇದು ದೂರದ ದೇಶದ ರೋಗ, ಇಲ್ಲಿಗೆ ಸಂಬಂಧವಿಲ್ಲ ಎಂದು ಸಮಾಧಾನಪಟ್ಟುಕೊಳ್ಳುವುದು ಸುಲಭ. ಭಾರತದಲ್ಲಿ ಬಂದೂಕು ಅಂಗಡಿಯಲ್ಲಿ ಕೇಳಿದವರಿಗೆಲ್ಲ ಸಿಗುವ ವಸ್ತುವಲ್ಲ ಎಂಬುದು ನಿಜ. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಬೇಕು. 21 ವರ್ಷ ತುಂಬದವರು ಬಂದೂಕನ್ನು ಹೊಂದುವಂತಿಲ್ಲ. ಮದುವೆ-ಮೆರವಣಿಗೆಗಳ ಸಂಭ್ರಮದಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸುವುದನ್ನು 2019ರ ತಿದ್ದುಪಡಿ ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿದೆ. ಈ ಕಟ್ಟುನಿಟ್ಟಿನ ಕಾರಣದಿಂದಲೇ ದೇಶದ ಅಸಂಖ್ಯ ಮಕ್ಕಳು ಸುರಕ್ಷಿತರಾಗಿದ್ದಾರೆ ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ಆದರೂ ಘಟನೆಗಳು ಇಲ್ಲವೆಂದಲ್ಲ. 2007ರ ಡಿಸೆಂಬರ್ 11ರಂದು ದೆಹಲಿಯ ಪಕ್ಕದ ಗುರುಗ್ರಾಮದ ಶಾಲೆಯೊಂದರಲ್ಲಿ ಎಂಟನೆಯ ತರಗತಿಯ ಇಬ್ಬರು ಬಾಲಕರು ತಮ್ಮ ಸಹಪಾಠಿಯನ್ನು ಗುಂಡಿಕ್ಕಿ ಕೊಂದರು. ಪಿಸ್ತೂಲು ಅವರಲ್ಲೊಬ್ಬನ ತಂದೆಯದು. 2015ರ ಮಾರ್ಚ್ 31ರ ರಾತ್ರಿ ಬೆಂಗಳೂರಿನ ಕಾಡುಗೋಡಿಯಲ್ಲಿ ಪದವಿಪೂರ್ವ ಕಾಲೇಜೊಂದರ ವಿದ್ಯಾರ್ಥಿನಿಲಯಕ್ಕೆ ಅದೇ ಸಂಸ್ಥೆಯ ನೌಕರನೊಬ್ಬ ಪಿಸ್ತೂಲು ಹಿಡಿದು ನುಗ್ಗಿದ. ಒಬ್ಬ ವಿದ್ಯಾರ್ಥಿನಿ ಅಸುನೀಗಿದಳು, ಇನ್ನೊಬ್ಬಳು ಗಾಯಗೊಂಡಳು. 2025ರ ಮೇ 12ರಂದು ಹುಬ್ಬಳ್ಳಿಯಲ್ಲಿ ಇನ್ನೊಂದು ದುರಂತ ನಡೆಯಿತು. ಶಾಲೆಗೆ ಹೋಗುವ ಇಬ್ಬರು ಹುಡುಗರ ನಡುವೆ ಕ್ಷುಲ್ಲಕ ಕಾರಣಕ್ಕೆ ಜಗಳ ಹತ್ತಿತು. ಹದಿಮೂರು ವರ್ಷದ, ಆರನೆಯ ತರಗತಿಯ ಬಾಲಕ ಮನೆಯಿಂದ ಚಾಕು ತಂದು ತನಗಿಂತ ತುಸು ದೊಡ್ಡವನಾದ ಗೆಳೆಯನನ್ನು ಇರಿದ. ಗೆಳೆಯ ಉಳಿಯಲಿಲ್ಲ. ಒಂದು ಮನೆಯ ಮಗ ಮಣ್ಣಿಗೆ ಸೇರಿದ. ಮತ್ತೊಂದು ಮನೆಯ ಮಗ ಬಾಲನ್ಯಾಯದ ವಿಚಾರಣೆಗೆ ಒಳಗಾದ. ಎರಡೂ ಮನೆಗಳ ದೀಪ ಒಂದೇ ಸಂಜೆ ನಂದಿತು.

ಹುಬ್ಬಳ್ಳಿಯಲ್ಲಿ ಬಂದೂಕಿರಲಿಲ್ಲ, ಅಡುಗೆಮನೆಗಳಲ್ಲೆಲ್ಲ ಇರುವಂಥ ಚಾಕು ಸಾಕಾಯಿತು. ಆದುದರಿಂದ ಆಯುಧದ ಹೆಸರು ಬದಲಾದರೂ ಘಟನೆಯ ಕ್ರಮ ಒಂದೇ: ನೊಂದ ಅಥವಾ ಕೆರಳಿದ ಎಳೆಯ ಮನಸ್ಸು, ಅದನ್ನು ಗಮನಿಸದ ಹಿರಿಯರು, ಕೈಗೆಟುಕುವಲ್ಲಿ ಒಂದು ಸಾಧನ. ಭಂಕೂರ, ವಾಡಿ, ಶಹಾಬಾದ್ ಭಾಗದ ಮನೆಗಳಲ್ಲಿ ಇಂಥ ಸಾಧನಗಳಿಗೆ ಕೊರತೆಯಿಲ್ಲ. ಕಲ್ಲಿನ ಖಣಿಗೆ ಹೋಗುವವರ ಮನೆಯಲ್ಲಿ ಉಳಿ, ಸುತ್ತಿಗೆ, ಹಾರೆ. ತೊಗರಿ ಬೆಳೆಯುವವರ ಮನೆಯಲ್ಲಿ ಕೊಡಲಿ, ಕುಡಗೋಲು, ಕೀಟನಾಶಕದ ಡಬ್ಬಿ. ಇವೆಲ್ಲ ಅನ್ನ ಕೊಡುವ ವಸ್ತುಗಳು. ಇವನ್ನು ಬಿಟ್ಟು ಬಾಳಲಾಗದು; ಬಿಡಬೇಕೆಂದು ಧರ್ಮವೂ ಹೇಳುವುದಿಲ್ಲ. ಇವು ಯಾರ ಕೈಗೆ, ಯಾವ ಹೊತ್ತಿನಲ್ಲಿ ಸಿಗುತ್ತವೆ ಎಂಬುದರ ಹೊಣೆ ಮಾತ್ರ ಮನೆಯ ಯಜಮಾನನದೆಂದು ಧರ್ಮವು ಹೇಳುತ್ತದೆ.

ಆ ಹೊಣೆಗೆ ಜೈನಧರ್ಮವು ಕೊಟ್ಟ ಹೆಸರು ಅನರ್ಥದಂಡ ವಿರತಿ. ಶ್ರಾವಕನ ಐದು ಅಣುವ್ರತಗಳಿಗೆ ಬಲಕೊಡುವ ಮೂರು ಗುಣವ್ರತಗಳಲ್ಲಿ ಇದೂ ಒಂದು. ಯಾವ ಪ್ರಯೋಜನವೂ ಇಲ್ಲದೆ ಜೀವಿಗಳಿಗೆ ಕೇಡಾಗುವಂತೆ ನಡೆದುಕೊಳ್ಳುವುದು ಅನರ್ಥದಂಡ. ಅದರಿಂದ ದೂರವಿರುವುದು ವ್ರತ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಇದನ್ನು ಐದು ಬಗೆಯಾಗಿ ವಿಂಗಡಿಸುತ್ತದೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಕೊಲ್ಲಬೇಡ ಎಂಬುದು ಅಣುವ್ರತವಾದರೆ, ಕೊಲೆಗೆ ದಾರಿಯಾಗಬೇಡ ಎಂಬುದು ಈ ಗುಣವ್ರತ. ತಾನು ಕೈಯೆತ್ತಲಿಲ್ಲ ಎಂದ ಮಾತ್ರಕ್ಕೆ ಗೃಹಸ್ಥನು ನಿರ್ದೋಷಿಯಾಗನು ಎಂಬ ಈ ಸೂಕ್ಷ್ಮ ಅರಿವು, ಶಾಲಾ ಮಕ್ಕಳ ಸುರಕ್ಷೆಯ ಇಂದಿನ ಚರ್ಚೆಗೆ ಅತ್ಯಂತ ಅಗತ್ಯವಾದುದು.

ಹಿಂಸಾದಾನವೆಂದರೆ ಹಿಂಸೆಯ ಉಪಕರಣಗಳನ್ನು ಇನ್ನೊಬ್ಬರ ಕೈಗೆ ಒದಗಿಸುವುದು. ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ವಿಷ, ಸಂಕೋಲೆ ಇವೆಲ್ಲ ಆಚಾರ್ಯರು ಹೇಳುವ ಪಟ್ಟಿಗೆ ಸೇರುತ್ತವೆ. ಕೈಯಾರೆ ಎತ್ತಿಕೊಟ್ಟರೆ ಮಾತ್ರ ದಾನವೆಂದು ತಿಳಿಯಬಾರದು. ಬೀಗವಿಲ್ಲದ ಕಪಾಟಿನಲ್ಲಿ ಇಟ್ಟ ಪಿಸ್ತೂಲು, ಕೆರಳಿದ ಮಗುವಿಗೆ ಸುಲಭವಾಗಿ ಸಿಗುವ ಚಾಕು, ಹಿತ್ತಿಲಲ್ಲಿ ಬಿದ್ದ ವಿಷದ ಡಬ್ಬಿ ಇವೂ ಮೌನವಾದ ದಾನಗಳೇ. ಈ ಮಾತು ಕೇವಲ ಶಾಸ್ತ್ರದ ಕಠೋರತೆಯಲ್ಲ ಎಂಬುದನ್ನು ಲೋಕದ ನ್ಯಾಯಾಲಯವೂ ಕಂಡುಕೊಂಡಿದೆ. 2021ರ ನವೆಂಬರ್ 30ರಂದು ಅಮೆರಿಕದ ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಶಾಲೆಯಲ್ಲಿ ಹದಿನೈದು ವರ್ಷದ ವಿದ್ಯಾರ್ಥಿಯೊಬ್ಬ ನಾಲ್ವರು ಸಹಪಾಠಿಗಳನ್ನು ಕೊಂದ. ಆ ಪಿಸ್ತೂಲನ್ನು ತಂದೆಯು ಕೊಂಡು ತಂದದ್ದು ಕೇವಲ ನಾಲ್ಕು ದಿನಗಳ ಹಿಂದೆ. ಘಟನೆಯ ದಿನ ಬೆಳಿಗ್ಗೆ ಹುಡುಗನ ಹಾಳೆಯ ಮೇಲೆ ಭಯಂಕರ ಚಿತ್ರವನ್ನು ಕಂಡ ಶಿಕ್ಷಕರ ಸೂಚನೆಯಿಂದ ತಂದೆತಾಯಿಗಳನ್ನು ಶಾಲೆಗೆ ಕರೆಸಲಾಗಿತ್ತು. ಅವರು ಮಗನನ್ನು ಮನೆಗೆ ಕರೆದೊಯ್ಯದೆ ಹೊರಟುಹೋದರು. 2024ರಲ್ಲಿ ನ್ಯಾಯಾಲಯವು ಆ ತಂದೆತಾಯಿಗಳಿಬ್ಬರಿಗೂ ಸೆರೆವಾಸ ವಿಧಿಸಿತು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಶ್ರಾವಕಾಚಾರವು ಹೆಸರಿಟ್ಟ ದೋಷ ಇದೇ.

ಹಿಂಸಾದಾನದ ಬಾಗಿಲನ್ನು ಮುಚ್ಚಲು ದೊಡ್ಡ ಪಾಂಡಿತ್ಯ ಬೇಕಿಲ್ಲ. ಒಂದು ಬೀಗ, ಹಿರಿಯರ ಬಳಿ ಇರುವ ಒಂದು ಕೀಲಿಕೈ ಸಾಕು. ಪರವಾನಗಿಯ ಬಂದೂಕು ಇದ್ದವರು ಅದನ್ನು ಒಂದೆಡೆ, ಗುಂಡುಗಳನ್ನು ಬೇರೊಂದೆಡೆ ಬೀಗ ಹಾಕಿ ಇಡಬೇಕು. ಹೊಲದ ಔಷಧವನ್ನೂ ಹರಿತವಾದ ಸಾಮಾನುಗಳನ್ನೂ ಮಕ್ಕಳ ಓಡಾಟದಿಂದ ದೂರವಿಡಬೇಕು. ಪರೀಕ್ಷೆಯಲ್ಲಿ ಸೋತು, ಬೈಗುಳಕ್ಕೆ ನೊಂದು ತನ್ನ ಜೀವದ ಮೇಲೆಯೇ ಮುನಿಯುವ ಮಗುವನ್ನೂ ಅದೇ ಬೀಗ ಕಾಯುತ್ತದೆ. ಸಿಟ್ಟಿಗೂ ದುಃಖಕ್ಕೂ ಒಂದು ಗುಣವಿದೆ: ಸ್ವಲ್ಪ ಹೊತ್ತು ತಡೆದರೆ ಅವುಗಳ ರಭಸ ಇಳಿಯುತ್ತದೆ. ಸಾಮಾಯಿಕಕ್ಕೆ ಒಂದು ಮುಹೂರ್ತ, ಎಂದರೆ 48 ನಿಮಿಷಗಳ ಅವಧಿಯನ್ನು ಹೇಳಿದ ಪರಂಪರೆಗೆ ಮನಸ್ಸಿನ ಈ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಕೀಲಿ ಹುಡುಕುವಷ್ಟು ಹೊತ್ತಿನಲ್ಲಿ ಒಂದು ಕೊಲೆ ತಪ್ಪಬಹುದು.

ಎರಡನೆಯ ಬಾಗಿಲು ಅಪಧ್ಯಾನ. ಇನ್ನೊಬ್ಬನಿಗೆ ಕೇಡಾಗಲಿ, ಅವನು ಸಾಯಲಿ, ಅವನ ಅಂಗಾಂಗ ಮುರಿಯಲಿ ಎಂದು ದ್ವೇಷದಿಂದ ಒಳಗೊಳಗೇ ಧ್ಯಾನಿಸುವುದು. ಕಮಠ-ಮರುಭೂತಿಯರ ಕಥೆ ಇದರ ವಿಸ್ತಾರವಾದ ನಿದರ್ಶನ. ಕ್ಷಮೆ ಕೇಳಲು ಬಂದ ತಮ್ಮನ ಮೇಲೆ ಕಮಠನು ಕಲ್ಲು ಎತ್ತಿಹಾಕಿದ. ಆ ವೈರ ಜನ್ಮಜನ್ಮಾಂತರಗಳಲ್ಲಿ ಬೆನ್ನಟ್ಟಿ, ಪಾರ್ಶ್ವನಾಥರ ತಪಸ್ಸಿನವರೆಗೂ ಬಂದಿತು. ಇದೇ ವೃತ್ತಾಂತವನ್ನು ವಸ್ತುವಾಗಿಸಿಕೊಂಡು ಜಿನಸೇನರು ಪಾರ್ಶ್ವಾಭ್ಯುದಯವನ್ನು ರಚಿಸಿದರು. ವೈರವು ಕೈಗೆ ಬರುವ ಮುಂಚೆ ಬಹುಕಾಲ ಮನಸ್ಸಿನಲ್ಲಿ ಬೆಳೆಯುತ್ತದೆ. ಬೆಳೆಯುವಾಗ ಅದರ ಸುಳಿವುಗಳು ಹೊರಗೆ ಕಾಣುತ್ತವೆ.

ಸುಳಿವುಗಳು ಎಷ್ಟು ಸ್ಪಷ್ಟವಾಗಿರುತ್ತವೆ ಎಂಬುದಕ್ಕೆ ಅಮೆರಿಕದ ಸರ್ಕಾರಿ ಅಧ್ಯಯನವೊಂದು ಸಾಕ್ಷಿ. 1974ರಿಂದ 2000ದವರೆಗೆ ಅಲ್ಲಿನ ಶಾಲೆಗಳಲ್ಲಿ ನಡೆದ 37 ದಾಳಿಗಳನ್ನು ಅದು ಪರಿಶೀಲಿಸಿತು. ಹತ್ತರಲ್ಲಿ ಎಂಟು ಪ್ರಕರಣಗಳಲ್ಲಿ ದಾಳಿಕೋರನ ಯೋಚನೆಯು ಮುಂಚಿತವಾಗಿಯೇ ಕನಿಷ್ಠ ಒಬ್ಬರಿಗಾದರೂ ತಿಳಿದಿತ್ತು. ತಿಳಿದವರಲ್ಲಿ ಹೆಚ್ಚಿನವರು ಗೆಳೆಯರು, ಸಹಪಾಠಿಗಳು, ಒಡಹುಟ್ಟಿದವರು. ದಾಳಿಕೋರರಲ್ಲಿ ಅನೇಕರು ತಾವು ಇತರರಿಂದ ಪೀಡನೆಗೆ, ಅವಮಾನಕ್ಕೆ ಗುರಿಯಾದವರೆಂದು ಭಾವಿಸಿದ್ದರು. ಮೂರರಲ್ಲಿ ಎರಡು ಪಾಲು ಪ್ರಕರಣಗಳಲ್ಲಿ ಬಂದೂಕು ಬಂದದ್ದು ಸ್ವಂತ ಮನೆಯಿಂದ ಇಲ್ಲವೇ ಬಂಧುಗಳ ಮನೆಯಿಂದ. ಅಪಧ್ಯಾನ ಮತ್ತು ಹಿಂಸಾದಾನ ಎಂಬ ಎರಡು ಹಳೆಯ ಪದಗಳನ್ನು ಬಲ್ಲವರಿಗೆ ಈ ಅಂಕಿಗಳು ಅಚ್ಚರಿ ತಾರವು.

ತಿಳಿದವರು ಏಕೆ ಹೇಳಲಿಲ್ಲ? ಕೆಲವರಿಗೆ ಅದು ಬರೀ ಮಾತೆನಿಸಿತು. ಕೆಲವರಿಗೆ ಗೆಳೆಯನನ್ನು ಒಪ್ಪಿಸಿಕೊಟ್ಟ ಅಪವಾದದ ಭಯ. ಹೇಳಿದರೆ ಹಿರಿಯರು ತನ್ನನ್ನೇ ಗದರಿಸುತ್ತಾರೆ ಎಂಬ ಅಂಜಿಕೆಯೂ ಮಕ್ಕಳಲ್ಲಿ ಸಾಮಾನ್ಯ. ಆದುದರಿಂದ ಮಗು ನಿರ್ಭಯವಾಗಿ ಮಾತಾಡಬಲ್ಲ ಒಬ್ಬ ಹಿರಿಯರಾದರೂ ಪ್ರತಿ ಶಾಲೆಯಲ್ಲಿ, ಪ್ರತಿ ಮನೆಯಲ್ಲಿ ಇರಬೇಕು. ಅಭಯದಾನವನ್ನು ದಾನಗಳಲ್ಲಿ ಶ್ರೇಷ್ಠವೆಂದು ಕೊಂಡಾಡುವ ಸಮಾಜದಲ್ಲಿ, ಮಗುವಿನ ಮಾತನ್ನು ಗದರದೆ ಕೇಳಿಸಿಕೊಳ್ಳುವುದು ಆ ದಾನದ ಮೊದಲ ರೂಪವಾಗಬೇಕು.

ಮೂರನೆಯದು ಪಾಪೋಪದೇಶ. ಹಿಂಸೆಗೆ ಪ್ರೇರಣೆ ಕೊಡುವ ಸಲಹೆ. ಕಳ್ಳಕಾಕರು ಕೊಡುವ ಸಲಹೆ ಮಾತ್ರ ಇದೆಂದು ಭಾವಿಸಿದರೆ ತಪ್ಪಾಗುತ್ತದೆ. ಅಳುತ್ತ ಮನೆಗೆ ಬಂದ ಮಗನಿಗೆ, ‘ಹೊಡೆಸಿಕೊಂಡು ಬಂದೆಯಾ? ಹೋಗಿ ಎರಡು ಕೊಟ್ಟು ಬಾ’ ಎಂದು ಹೇಳುವ ತಂದೆ ಪ್ರತಿ ಓಣಿಯಲ್ಲಿದ್ದಾನೆ. ಆ ಮಾತಿನಲ್ಲಿ ಮಗನ ಮೇಲಿನ ಪ್ರೀತಿಯೂ ಇದೆ. ಮಗ ದುರ್ಬಲನಾಗಬಾರದೆಂಬ ಕಳಕಳಿಯೂ ಇದೆ. ಆದರೆ ಮಗು ಅದರಿಂದ ಕಲಿಯುವುದು ಒಂದೇ ಪಾಠ: ನೋವಿಗೆ ಉತ್ತರ ನೋವು. ಆ ಪಾಠಕ್ಕೆ ಕೈ ಸಾಲದಿದ್ದಾಗ ಕಲ್ಲು, ಕಲ್ಲು ಸಾಲದಿದ್ದಾಗ ಚಾಕು. ಬೆತ್ತ ಹಿಡಿದ ಶಿಕ್ಷಕರೂ ಅರಿಯದೆ ಇದೇ ಪಾಠವನ್ನು ಹೇಳುತ್ತಾರೆ. ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ನಿಷೇಧಿಸಿರುವುದು ಕಾನೂನಿನ ಮಾತು. ಹೊಡೆತದಿಂದ ಶಾಂತಿಯನ್ನು ಕಲಿಸಲಾಗದು ಎಂಬುದು ಧರ್ಮದ ಮಾತು.

ನಾಲ್ಕನೆಯದು ದುಃಶ್ರುತಿ. ರಾಗದ್ವೇಷಗಳನ್ನು ಕೆರಳಿಸುವ ಮಾತು-ಕಥೆಗಳನ್ನು ಕೇಳುವುದು. ಆಚಾರ್ಯರ ಕಾಲದಲ್ಲಿ ಅದು ಕೆಟ್ಟ ಕಥೆಗಳ ಗೋಷ್ಠಿಯಾಗಿತ್ತು. ಈಗ ಅಂಗೈಯಲ್ಲಿರುವ ಮೊಬೈಲು. ಕೊಲೆಯ ದೃಶ್ಯಗಳನ್ನು ಸುದ್ದಿಯ ಹೆಸರಿನಲ್ಲಿ ಮತ್ತೆ ಮತ್ತೆ ನೋಡುವುದು, ಮಚ್ಚು ಹಿಡಿದವನನ್ನು ನಾಯಕನೆಂದು ಮೆರೆಸುವುದು, ಇಬ್ಬರು ಹುಡುಗರ ಹೊಡೆದಾಟವನ್ನು ಬಿಡಿಸದೆ ಚಿತ್ರೀಕರಿಸಿ ಹಂಚುವುದು ಇವೆಲ್ಲ ದುಃಶ್ರುತಿಯ ಹೊಸ ವೇಷಗಳು. ಆಟವೊಂದನ್ನು ಆಡಿದ ಮಗುವೆಲ್ಲ ಕೊಲೆಗಡುಕನಾಗುವುದಿಲ್ಲ, ಅಂಥ ಉತ್ಪ್ರೇಕ್ಷೆ ಬೇಡ. ಆದರೆ ಜನ್ನನ ಯಶೋಧರ ಚರಿತೆಯನ್ನು ಬಲ್ಲವರಿಗೆ, ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪವೂ ಯಶೋಧರನನ್ನು ಎಷ್ಟು ಜನ್ಮಗಳವರೆಗೆ ಅಲೆಸಿತು ಎಂಬುದು ಗೊತ್ತು. ನೋಡುವ ಕಣ್ಣು, ಕಲ್ಪಿಸುವ ಮನಸ್ಸು ಸಹ ಸಂಸ್ಕಾರ ಪಡೆಯುತ್ತವೆ ಎಂಬ ಎಚ್ಚರ ಹಿರಿಯರಿಗಿರಬೇಕು.

ಅನರ್ಥದಂಡ ವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಅತಿಚಾರಗಳೂ ಇಲ್ಲಿ ನೆನೆಯತಕ್ಕವು. ಕಂದರ್ಪವೆಂದರೆ ಅಸಭ್ಯ ಪರಿಹಾಸ. ಕೌತ್ಕುಚ್ಯವೆಂದರೆ ಅದರೊಡನೆ ಕೂಡಿದ ವಿಕಾರವಾದ ಅಂಗಚೇಷ್ಟೆ. ಮೌಖರ್ಯವೆಂದರೆ ಹಿಡಿತವಿಲ್ಲದ ಹರಟೆ. ಶಾಲೆಯ ಹಿಂದಿನ ಬೆಂಚಿನಲ್ಲಿ, ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಒಬ್ಬನ ಮೈಬಣ್ಣವನ್ನೋ ತೊದಲನ್ನೋ ಜಾತಿಯನ್ನೋ ಬಡತನವನ್ನೋ ಹಿಡಿದು ದಿನವೂ ಹೀಯಾಳಿಸುವುದು ಬೇರೇನು? ನಗುವವರಿಗೆ ಅದು ವಿನೋದ, ನಗೆಗೆ ಗುರಿಯಾದವನಿಗೆ ನಿತ್ಯದ ಗಾಯ. ಹಾಗೆ ನೊಂದವರಲ್ಲಿ ಬಹುಪಾಲು ಮಕ್ಕಳು ಯಾರಿಗೂ ಕೇಡು ಬಗೆಯದೆ ಒಳಗೇ ಬಾಡುತ್ತಾರೆ. ಎಲ್ಲೋ ಒಬ್ಬ ಸಿಡಿಯುತ್ತಾನೆ. ಸಿಡಿದವನ ಕೃತ್ಯಕ್ಕೆ ಸಮರ್ಥನೆಯಿಲ್ಲ. ಆದರೆ ಬಾಡಿದವರ ಸಲುವಾಗಿಯಾದರೂ ಈ ಪರಿಹಾಸ ನಿಲ್ಲಬೇಕು.

ಐದನೆಯದು ಪ್ರಮಾದಚರ್ಯೆ, ಎಚ್ಚರವಿಲ್ಲದ ನಡೆ. ಹಿಂಸೆಯ ಮೂಲವೇ ಪ್ರಮಾದವೆಂದು ಜೈನ ತತ್ತ್ವ ಹೇಳುತ್ತದೆ. ಶಾಲೆಗಳ ಮಟ್ಟಿಗೆ ಇದರ ಅರ್ಥ ಬಹಳ ಸರಳ. ಆವರಣಕ್ಕೆ ಗೋಡೆಯಿದೆಯೇ, ಬಾಗಿಲಲ್ಲಿ ಬಂದವರು ಯಾರೆಂದು ಕೇಳುವವರಿದ್ದಾರೆಯೇ? ವಿದ್ಯಾರ್ಥಿನಿಲಯದ ಕೆಲಸಕ್ಕೆ ಸೇರುವವರ ಪೂರ್ವಾಪರವನ್ನು ವಿಚಾರಿಸಲಾಗಿದೆಯೇ? ಹೆಣ್ಣುಮಕ್ಕಳ ನಿಲಯದಲ್ಲಿ ರಾತ್ರಿ ಹೊತ್ತು ಹೊಣೆಗಾರ ಮಹಿಳೆ ಇರುತ್ತಾರೆಯೇ? ಅಪಾಯ ಬಂದಾಗ ಯಾವ ಬಾಗಿಲಿನಿಂದ ಹೊರಹೋಗಬೇಕು, ಯಾರಿಗೆ ದೂರವಾಣಿ ಮಾಡಬೇಕು ಎಂಬುದು ಮಕ್ಕಳಿಗೆ ತಿಳಿದಿದೆಯೇ? ಕಾಡುಗೋಡಿಯ ರಾತ್ರಿ ಕಲಿಸಿದ ಪಾಠವೆಂದರೆ, ಅಪಾಯವು ಅಪರಿಚಿತನ ರೂಪದಲ್ಲಿಯೇ ಬರಬೇಕೆಂದಿಲ್ಲ ಎಂಬುದು. ಸಮಿತಿ ಎಂಬ ಪದಕ್ಕೆ ಜೈನ ಪರಿಭಾಷೆಯಲ್ಲಿ ಎಚ್ಚರದ ನಡೆ ಎಂಬ ಅರ್ಥವಿದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಆ ಅರ್ಥದಲ್ಲಿಯೂ ಸಮಿತಿಗಳಾದರೆ ಊರಿಗೆ ಒಳಿತು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಅಹಿಂಸೆಯನ್ನು ಬೋಧಿಸುವವರು ಕಾವಲುಗಾರ, ಪೊಲೀಸು, ಬೀಗಗಳ ಮಾತಾಡುವುದು ಸರಿಯೇ? ಶ್ರಾವಕಾಚಾರವು ಈ ಗೊಂದಲವನ್ನು ಎಂದೋ ಬಿಡಿಸಿದೆ. ಗೃಹಸ್ಥನು ಸಂಪೂರ್ಣವಾಗಿ ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು, ಎಂದರೆ ಕೊಲ್ಲಬೇಕೆಂದೇ ಕೊಲ್ಲುವುದನ್ನು. ತನ್ನನ್ನೂ ತನ್ನ ಆಶ್ರಿತರನ್ನೂ ಆಕ್ರಮಣಕಾರನಿಂದ ರಕ್ಷಿಸುವಾಗ ಒದಗುವ ವಿರೋಧೀ ಹಿಂಸೆ ಗೃಹಸ್ಥನಿಗೆ ಪೂರ್ತಿ ತಪ್ಪದು. ಹಾಗಿರುವಾಗ ಬಾಗಿಲು ಕಾಯುವುದರಲ್ಲಿ, ಪೊಲೀಸರಿಗೆ ತಿಳಿಸುವುದರಲ್ಲಿ ದೋಷವೆಲ್ಲಿಯದು? ಮಕ್ಕಳನ್ನು ಕಾಯದೆ ಕೈಕಟ್ಟಿ ಕುಳಿತು ಅದನ್ನು ಅಹಿಂಸೆ ಎಂದು ಕರೆಯುವುದೇ ದೋಷ. ಆದರೂ ಬಾಗಿಲ ಕಾವಲಿಗೆ ಒಂದು ಮಿತಿಯಿದೆ. ಗುರುಗ್ರಾಮದ ಇಬ್ಬರು ಬಾಲಕರು ಶಾಲೆಯ ಸಮವಸ್ತ್ರದಲ್ಲಿದ್ದ ಅದೇ ಶಾಲೆಯ ಮಕ್ಕಳು. ಗೋಡೆಯು ಹೊರಗಿನವರನ್ನು ತಡೆದೀತು. ಒಳಗಿನ ಮಗುವಿನ ಮನಸ್ಸಿನಲ್ಲಿ ಬೆಳೆಯುವ ವೈರವನ್ನು ಕಾಣಲು ಮನುಷ್ಯರೇ ಬೇಕು.

ಇನ್ನೊಂದು ಸೂಕ್ಷ್ಮ ವಿಷಯವಿದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ ಎಂಬ ಎರಡು ಒಂದರ ಪಕ್ಕದಲ್ಲಿ ಒಂದು ಬರುತ್ತವೆ. ಉಪಗೂಹನವೆಂದರೆ ದುರ್ಬಲರ ತಪ್ಪಿನಿಂದ ಧರ್ಮಮಾರ್ಗಕ್ಕೆ ಬರುವ ನಿಂದೆಯನ್ನು ನಿವಾರಿಸುವುದು, ಪರರ ದೋಷವನ್ನು ಡಂಗುರ ಹೊಡೆಯದಿರುವುದು. ಮನೆತನದ ಮಾನ, ಶಾಲೆಯ ಹೆಸರು ಉಳಿಯಲೆಂದು ಮಗುವಿನ ಬೆದರಿಕೆಯ ಮಾತನ್ನೂ ಚೀಲದಲ್ಲಿ ಸಿಕ್ಕ ಚಾಕುವನ್ನೂ ಮುಚ್ಚಿಡುವವರು ಇದನ್ನೇ ನೆಪಮಾಡಿಕೊಳ್ಳುವುದುಂಟು. ಆದರೆ ಆ ಅಂಗವು ಸ್ಥಿತಿಕರಣವನ್ನು ಬಿಟ್ಟು ಒಂಟಿಯಾಗಿ ನಿಲ್ಲದು. ಜಾರುತ್ತಿರುವವನನ್ನು ಕೈಹಿಡಿದು ಮತ್ತೆ ದಾರಿಯಲ್ಲಿ ನಿಲ್ಲಿಸುವುದು ಸ್ಥಿತಿಕರಣ. ಶ್ರೇಣಿಕ ರಾಜನ ಮಗ ವಾರಿಷೇಣ ಮುನಿಯು, ಮನಸ್ಸು ಚಂಚಲಗೊಂಡ ಗೆಳೆಯ ಪುಷ್ಪಡಾಲನನ್ನು ಬೀದಿಯಲ್ಲಿ ಅವಮಾನಿಸಲಿಲ್ಲ, ಹಾಳಾಗಲೆಂದು ಬಿಡಲೂ ಇಲ್ಲ. ಜೊತೆಯಲ್ಲಿ ಕರೆದೊಯ್ದು ಅವನೇ ಅರಿತುಕೊಳ್ಳುವಂತೆ ಮಾಡಿದ. ಮಗುವಿನ ದೋಷವನ್ನು ಊರಿಗೆ ಸಾರಬೇಕಿಲ್ಲ. ಆದರೆ ತಿಳಿಯಬೇಕಾದವರಿಗೆ, ಎಂದರೆ ತಂದೆತಾಯಿಗೆ, ಶಿಕ್ಷಕರಿಗೆ, ಆಪ್ತಸಮಾಲೋಚಕರಿಗೆ, ಅಪಾಯ ಸನಿಹದಲ್ಲಿದ್ದರೆ ಪೊಲೀಸರಿಗೆ ತಡಮಾಡದೆ ಹೇಳಬೇಕು. ಮುಚ್ಚಿಟ್ಟರೆ ಎರಡು ಮಕ್ಕಳ ಬಾಳು ಕೆಡಬಹುದು: ಇರಿಸಿಕೊಳ್ಳುವ ಮಗುವಿನದು, ಇರಿಯುವ ಮಗುವಿನದು.

ಹಾಗೆ ಹೇಳಿಕೊಳ್ಳಲು ದಾರಿಗಳು ಇಂದು ಹಳ್ಳಿಗೂ ತಲುಪಿವೆ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಮನಸ್ಸಿನ ಸಂಕಟಕ್ಕೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ತುರ್ತು ನೆರವಿಗೆ 112. ಈ ಮೂರು ಸಂಖ್ಯೆಗಳನ್ನು ಭಂಕೂರದಂಥ ಪ್ರತಿ ಊರಿನ ಶಾಲೆಯ ಗೋಡೆಯ ಮೇಲೂ ಬಸದಿಯ, ಗುಡಿಯ, ಮಸೀದಿಯ ಫಲಕದ ಮೇಲೂ ಬರೆಯಿಸುವುದು ಒಂದು ಡಬ್ಬಿ ಬಣ್ಣದ ಕೆಲಸ. ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ, ತಮಗೆ ಎಲ್ಲಿ ಹೆದರಿಕೆಯಾಗುತ್ತದೆ ಎಂದು ಮಕ್ಕಳನ್ನೇ ಕೇಳಬಹುದು. ಕತ್ತಲಿರುವ ದಾರಿ, ಕಾಡಿಸುವ ಗುಂಪು, ಬಾಗಿಲಿಲ್ಲದ ಶೌಚಾಲಯ ಇವುಗಳ ಲೆಕ್ಕ ಹಿರಿಯರಿಗಿಂತ ಅವರಿಗೇ ಹೆಚ್ಚು ಚೆನ್ನಾಗಿ ಗೊತ್ತು.

ಭಾದ್ರಪದದ ದಶಲಕ್ಷಣ ಪರ್ವ ಉತ್ತಮ ಕ್ಷಮೆಯಿಂದ ಆರಂಭವಾಗುತ್ತದೆ. ಅದು ಮುಗಿದ ಬಳಿಕ ಕ್ಷಮಾವಾಣಿಯ ದಿನ ಶ್ರಾವಕರು ಪರಸ್ಪರ ಕ್ಷಮೆ ಕೇಳುತ್ತಾರೆ. ಶ್ವೇತಾಂಬರರು ಸಂವತ್ಸರಿಯಂದು ಇದನ್ನೇ ಆಚರಿಸುತ್ತಾರೆ. ದೊಡ್ಡವರು ಚಿಕ್ಕವರ ಕ್ಷಮೆ ಕೇಳುವುದು ಈ ಆಚರಣೆಯ ಸೊಬಗು. ಅದು ವರ್ಷಕ್ಕೊಮ್ಮೆ ಬಸದಿಯಲ್ಲಿ ನಡೆದು ಮುಗಿಯಬೇಕೆಂದಿಲ್ಲ. ಜೈನ ಸಂಸ್ಥೆಗಳು ನಡೆಸುವ ಶಾಲೆಗಳಲ್ಲಿ ವಾರಕ್ಕೊಮ್ಮೆ, ಪ್ರಾರ್ಥನೆಯ ಹೊತ್ತಿನಲ್ಲಿ, ಮನಸ್ಸು ನೋಯಿಸಿದವರು ನೊಂದವರ ಬಳಿ ಹೋಗಿ ಮಾತಾಡುವ ರೂಢಿ ಬೆಳೆದರೆ, ವೈರವು ಕಮಠನ ಕಲ್ಲಾಗುವಷ್ಟು ದಿನ ಒಳಗೆ ಉಳಿಯಲಾರದು. ಯಾರನ್ನೂ ಬಲವಂತದಿಂದ ಕ್ಷಮಿಸುವಂತೆ ಮಾಡಬಾರದು. ನೊಂದ ಮಗುವಿಗೆ ಮೊದಲು ನ್ಯಾಯ ಸಿಗಬೇಕು, ಪೀಡೆ ನಿಲ್ಲಬೇಕು, ಆಮೇಲೆ ಕ್ಷಮೆ ತಾನಾಗಿ ಬರಲಿ.

ಭರತನ ಚಕ್ರಕ್ಕೆ ಒಡಹುಟ್ಟಿದವರ ಗುರುತಿತ್ತು. ಮನೆಯ ಚಾಕುವಿಗೆ ಆ ಗುರುತಿಲ್ಲ. ಪಿಸ್ತೂಲಿನ ಗುಂಡು ಪ್ರದಕ್ಷಿಣೆ ಹಾಕಿ ಮರಳುವುದಿಲ್ಲ. ಆದುದರಿಂದ ಗುರುತಿಸುವ ಕೆಲಸ ಹಿರಿಯರದು. ಆ ಮಂತ್ರಿಗಳಂತೆ ಜಗಳದ ನಡುವಿನಿಂದ ಆಯುಧವನ್ನು ತೆಗೆದಿಡುವುದು, ಸೋತ ಮಗು ಸೋಲನ್ನು ನುಂಗಿಕೊಳ್ಳುವಷ್ಟು ಹೊತ್ತು ಅದರ ಪಕ್ಕದಲ್ಲಿ ಕುಳಿತಿರುವುದು, ಕಪಾಟಿನ ಕೀಲಿಯನ್ನು ತಮ್ಮ ಬಳಿ ಇಟ್ಟುಕೊಳ್ಳುವುದು. ಶ್ರಾವಕನ ವ್ರತಗಳಲ್ಲಿ ಅಣುವೆಂಬ ಪದವಿದೆ. ಚಿಕ್ಕದೆಂದು ಅದರ ಅರ್ಥ. ಈ ಕೆಲಸಗಳೂ ಚಿಕ್ಕವೇ, ಈ ಸಂಜೆಯೇ ಮಾಡಬಹುದಾದವು.